ಹಡಿಯಾಕ ದವಾಖಾನಿಗೆ ಬರ್ತಾರ, ತಪಾಸಣಿಗ್ಯಾಕ ಬರಂಗಿಲ್ಲ?

ಎರಿಮಣ್ಣು | ಭಾನುವಾರ, ರಾತ್ರಿ 9:40

ಹೋದ ಗುರುವಾರ ನಮ್ಮ ತಮ್ಮನ ಹೆಂಡ್ತೀದು ಕುಬಸ ಇತ್ತು. ಗದಗ ಜಿಲ್ಲಾದಾಗಿನ ಎರಿ ಹೊಲದ ಊರು, ಹೆಸರು ಬ್ಯಾಡ. ನಾ ಹುಬ್ಬಳ್ಳಿಯಿಂದ ಹೋಗಿದ್ದೆ. ಹಸರು ಸೀರಿ ಉಡಿಸಿ, ಉಡಿ ತುಂಬಿ, ಬಳಿ ಇಡಸಾಕಂತ ಆಕಿ ಕೈ ಹಿಡದ್ರ ಉಗರು ಸುಣ್ಣ ಬಳದಂಗ ಬೆಳ್ಳಗ. ಆರತಿ ಎತ್ತೂ ನೆವದಾಗ ಸನೇಕ ಹೋಗಿ ಕಣ್ಣಿನ ಕೆಳಗಿನ ರೆಪ್ಪಿ ಎಳದು ನೋಡಿದೆ, ಅಲ್ಲೂ ಕೆಂಪಿಲ್ಲ. "ಗುಳಗಿ ತಗೊಳಾಕತ್ತೀ ಇಲ್ಲೋ?" ಅಂದೆ. ನೆಲಾ ನೋಡಿದ್ಲು. ಹಿಂದಿನಿಂದ ನಮ್ಮವ್ವ, "ನಾ ಐದು ಹಡದೀನಿ, ಒಂದು ಗುಳಗಿ ನುಂಗಿಲ್ಲ" ಅಂದ್ಲು. (ಐದರಾಗ ಉಳದವರು ಮೂರ ಮಂದಿ. ಅದನ್ನ ಆಕಿ ಹೇಳಂಗಿಲ್ಲ, ಕುಬಸದ ಮನ್ಯಾಗ ನಾನೂ ಕೇಳಲಿಲ್ಲ.)

ರಾತ್ರಿ ತಾಯಿ ಕಾರ್ಡ್ ತರಿಸಿ ನೋಡಿದೆ. ಮೂರು ತಪಾಸಣಿ ಆಗ್ಯಾವ ಅಂತ ಬರದಾರ. ಮೂರೂ ಸಾಲಿನ್ಯಾಗ ಬಿ.ಪಿ. 110/70. ಮೂರೂ ಸಾಲಿನ್ಯಾಗ ತೂಕ 46. ಒಂದ ಪೆನ್ನು, ಒಂದ ಓಟದಾಗ ಬರದಂಗ ಅಕ್ಷರ. ಏಳು ತಿಂಗಳಾ ತುಂಬಿದ ಬಸರಿ ಒಂದು ಕಿಲೋನೂ ಏರಿಲ್ಲ ಅಂದ್ರ ಯಾರರ ಒಬ್ರು ಗಾಬರಿ ಆಗಬೇಕಿತ್ತಲ್ಲ? "ತೋಳಿಗೆ ಪಟ್ಟಿ ಕಟ್ಟಿ ನೋಡಿದ್ರೇನವಾ?" ಅಂದ್ರ "ಒಂದ ಸಲ ಕಟ್ಟಿದ್ರು ಅಕ್ಕಾರ" ಅಂತಾಳ.

ಮರುದಿನ ಕರಕೊಂಡು ಹೋಗಿ ರಗತ ತಪಾಸಣಿ ಮಾಡಿಸಿದ್ವಿ. ಹಿಮೋಗ್ಲೋಬಿನ್ 7.4. ಬಸರಿಗೆ 11 ಇರಬೇಕು, 7ರ ಕೆಳಗ ಇಳದ್ರ ತೀವ್ರ ರಕ್ತಹೀನತಿ. ಅಂದ್ರ ಆಕಿ ಅಂಚಿನ ಮ್ಯಾಲೆ ನಿಂತಾಳ.

ನನ್ನ ಪ್ರಶ್ನೆ ಇಷ್ಟ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗ ಕರ್ನಾಟಕದ್ದು ನೋಡ್ರಿ. ನೂರಕ್ಕ 97 ಹೆರಿಗಿ ದವಾಖಾನ್ಯಾಗ ಆಗ್ಯಾವ. ಆದ್ರ ಕನಿಷ್ಠ ನಾಕು ತಪಾಸಣಿ ಮಾಡಿಸ್ಕೊಂಡವರು ನೂರಕ್ಕ 71ರ ಆಜೂಬಾಜೂ. ಆ ನಾಕರಾಗೂ ನಮ್ಮ ಹುಡಗಿದಂಥಾ 110/70 ಎಷ್ಟೋ. ಹಡಿಯಾಕ ಬರಾಕ ದಾರಿ ಗೊತ್ತೈತಿ, ಮದ್ಲ ನಾಕು ಸಲ ಬರಾಕ ಏನು ಅಡ್ಡ ಬರತೈತಿ? ಊರಾಗ ಕೆಲಸ ಮಾಡೂ ಮಂದಿ, ಹಡದ ಮಂದಿ ಹೇಳ್ರಿ.


ಧಾರವಾಡ ಟು ಬೆಂಗಳೂರು | ಭಾನುವಾರ, ರಾತ್ರಿ 10:15

ಇದಕ್ಕೆ ಇಷ್ಟುದ್ದ ಚರ್ಚೆ ಏಕೆ? ಅರಿವಿಲ್ಲ, ಅಷ್ಟೇ. ತಪಾಸಣೆ ಉಚಿತ, ಗುಳಿಗೆ ಉಚಿತ, 108 ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಮೊದಲ ಹೆರಿಗೆಗೆ ಮಾತೃ ವಂದನಾದಲ್ಲಿ 5,000 ರೂಪಾಯಿ ಬೇರೆ. ಇನ್ನೇನು ಮನೆಗೆ ಬಂದು ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ಹೋಗಬೇಕೇ?


ಗುಲಾಬಿ ಸೀರಿ | ಸೋಮವಾರ, ಮುಂಜಾನೆ 5:50

ಸರ್, ಅರಿವಿಲ್ಲ ಅನ್ನೂ ಶಬ್ದ ಕೇಳಿದ್ರ ನನಗ ಮೈ ಉರಿತೈತಿ. ಹದಿನಾಕು ವರ್ಷಾತು ಆಶಾ ಕೆಲಸಕ್ಕ ಸೇರಿ. ನಮ್ಮ ಓಣಿ ಹೆಣ್ಮಕ್ಕಳಿಗೆ ಎಷ್ಟು ಗುಳಗಿ, ಯಾವ ತಿಂಗಳಾ ಸ್ಕ್ಯಾನಿಂಗ್, ಎಲ್ಲಾ ಬಾಯಿಪಾಠ ಐತಿ. ಗೊತ್ತಿದ್ದೂ ಯಾಕ ಬರಂಗಿಲ್ಲ ಅಂತ ಕೇಳ್ರಿ, ಹೇಳ್ತೀನಿ. ಒಲಿ ಹಚ್ಚೂಕಿಂತ ಮದ್ಲ ಬರಿಯಾಕತ್ತೀನಿ, ತಪ್ಪಿದ್ರ ತಿದ್ದಿ ಓದ್ಕೊಳ್ರಿ.

12 ವಾರದೊಳಗ ಹೆಸರು ಹಚ್ಚಬೇಕು ಅಂತ ನಮಗ ಹೇಳ್ಯಾರ. ನಮ್ಮ ಕಡೆ ಮೂರು ತಿಂಗಳಾ ದಾಟೂತನ ಯಾರೂ ಬಾಯಿ ಬಿಡಂಗಿಲ್ಲ. ದಿಟ್ಟಿ ಆಕ್ಕೈತಿ, ನಿಂತದ್ದು ನಿಲ್ಲಂಗಿಲ್ಲ ಅಂತ ಅಂಜಿಕಿ. ಒಂದೆರಡು ಸಲ ಹೊಟ್ಟಿ ಇಳದಾಕಿ ಇದ್ರಂತೂ ಗಂಡಗೂ ತಡಾ ಮಾಡಿ ಹೇಳ್ತಾಳ. ನಾ ಗುಲಾಬಿ ಸೀರಿ ಉಟಗೊಂಡು ಒಂದು ಮನಿ ಕಟ್ಟಿ ಹತ್ತಿದ್ರ ಓಣಿಗೆಲ್ಲ ಸುದ್ದಿ: "ಇವರ ಸೊಸಿಗೆ ಏನೋ ಐತಿ." ಅದಕ್ಕ ನಾ ಈಗ ಬಾಜೂ ಮನಿ ಕೂಸಿನ ಲಸಿಕಿ ನೆವಾ ಮಾಡ್ಕೊಂಡು ಹೋಗಿ, ಹಿತ್ತಲ ಕಡೆಯಿಂದ ಬಸರು ಹೌದೋ ಅಲ್ಲೋ ನೋಡೂ ನಿಶ್ಚಯ ಕಿಟ್ ಸೆರಗಿನ್ಯಾಗ ಮುಚ್ಚಿ ಕೊಟ್ಟು ಬರ್ತೀನಿ. ಇದನ್ನ ಯಾವ ತರಬೇತ್ಯಾಗೂ ಕಲಿಸಿಲ್ಲ.

ಎರಡು ಮನಿ ಅನ್ನೂದು ಅದಕ್ಕಿಂತ ದೊಡ್ಡ ತ್ರಾಸು. ಹೆಸರು ಹಚ್ಚಿದ್ದು ಗಂಡನ ಮನ್ಯಾಗ. ಕುಬಸ ಆತು ಅಂದ್ರ ತವರಿಗೆ ಹೋಗ್ತಾಳ. ಇಲ್ಲಿ ಆಶಾ "ತವರೂರಾಕಿ ನೋಡ್ಕೊತಾಳ" ಅಂತ ಬಿಡ್ತಾಳ, ಅಲ್ಲಿ ಆಶಾನ ಪಟ್ಟ್ಯಾಗ ಆಕಿ ಹೆಸರ ಇರಂಗಿಲ್ಲ. ಎಂಟು, ಒಂಬತ್ತನೇ ತಿಂಗಳಾ ಯಾರ ಕಣ್ಣಿಗೂ ಬೀಳಂಗಿಲ್ಲ ಹುಡಗಿ. ಬಿ.ಪಿ. ಏರೂದು, ಕಾಲು ಮಾರಿ ಬಾಯೂದು ಆವಾಗ್ಲೇ. ನಾ ಈಗ ಕುಬಸದ ದಿನಾನ ತವರೂರ ಆಶಾನ ನಂಬರ್ ಇಸ್ಕೊಂಡು ಆಕಿಗೆ ಫೋನ್ ಹಚ್ಚತೀನಿ. ಎಲ್ಲಾರೂ ಹಚ್ಚತಾರಂತ ಹೇಳಾಕಾಗಂಗಿಲ್ಲ.

ರಗತ ಏರಿಸೂ ಕಬ್ಬಿಣದ ಗುಳಗಿದು ಕೇಳ್ರಿ. 180 ನುಂಗಬೇಕು. ಹೋದ ಯುಗಾದಿಗೆ ಒಂದು ಮನ್ಯಾಗ ಜ್ವಾಳದ ಚೀಲಾ ಸರಿಸಿದ್ರ ನಾ ಕೊಟ್ಟ ಎಂಟು ಪಟ್ಟಿ ಹಂಗ ಬಿದ್ದಾವ, ಇಲಿ ಕಡದಾವ. ಹುಡಗಿ ಅಂದ್ಲು, "ನುಂಗಿದ್ರ ವಾಂತಿ ಬರ್ತೈತ್ರಿ ಅಕ್ಕಾರ, ಹೊರಕಡಿಗೆ ಕರ್‍ರಗ ಆಕ್ಕೈತಿ. ಅತ್ತಿ ಅಂತಾಳ, ಕೂಸು ದಪ್ಪ ಆಗಿ ಹೊಟ್ಟಿ ಕೊಯ್ಯಬೇಕಾಕ್ಕೈತಿ." ಕೊಯ್ಯೂದಂದ್ರ ಅಂಜತಾರ. 2024ರಾಗ ಬಳ್ಳಾರ್ಯಾಗ ಹೊಟ್ಟಿ ಕೊಯ್ಸ್ಕೊಂಡ ಬಾಣಂತ್ಯಾರು ಸತ್ತ ಸುದ್ದಿ ಟೀವ್ಯಾಗ ಬಂದಾಗಿಂದ ಇನ್ನೂ ಜಾಸ್ತಿ. ಆಕಿಗೆ ಗೊತ್ತಿಲ್ಲಂತಲ್ಲ ಸರ್. ಗೊತ್ತಿದ್ದದ್ದು ಎರಡು ಥರಾ ಐತಿ, ನಾ ಹೇಳಿದ್ದೊಂದು, ಅತ್ತಿ ಹೇಳಿದ್ದೊಂದು. ಆಕಿ ದಿನಾ ಉಣ್ಣೂದು ಅತ್ತಿ ಕೈಯಾಗ.


ಟಂಟಂ ಸಾಹುಕಾರ | ಸೋಮವಾರ, ಮುಂಜಾನೆ 8:05

ಬಸ್ ಫ್ರೀ ಖರೇ ಸರ್, ಊರಿಗೆ ಬರಬೇಕಲ್ಲ. ನಮ್ಮಲ್ಲಿ ವಸ್ತಿ ಬಸ್ ಮುಂಜಾನಿ ಆರೂವರಿಗೆ ಬಿಡತೈತಿ, ಮತ್ತ ಕಣ್ಣಿಗೆ ಬೀಳೂದು ಸಂಜಿಮುಂದ. ನಡುವ ನಾನ ಗತಿ. ಮಳಿಗಾಲದಾಗ ಎರಿ ಹಾದಿ ಟೈರಿಗೆ ಮೆತ್ಕೊಂಡ್ರ ನಾನೂ ಇಲ್ಲ. ಬಸರೇರನ್ನ ಕರಕೊಂಡು ಹೋಗೂವಾಗ ಮುಂದ ನನ್ನ ಬಾಜೂ ಕುಂದ್ರಸಂಗಿಲ್ಲ, ಹಿಂದ ಕುಂದ್ರಿಸಿದ್ರ ಕುಲುಕ ತಡಿಯಂಗಿಲ್ಲ. ನಿಧಾನ ಹೊಡದ್ರ ಉಳಿದ ಮಂದಿ ಬೈತಾರ. ತಿರಗಿ ಬರೂ ಮುಂದ "ಡಾಕ್ಟ್ರು ಇರಲಿಲ್ಲ, ನಾಳಿ ಬಾ ಅಂದ್ರು" ಅಂತ ಎಷ್ಟೋ ಸಲ ಕೇಳೀನಿ. ಆ ನಾಳಿ ಯಾರೂ ಬರಂಗಿಲ್ಲ.


ಮೆಣಸಿನಕಾಯಿ ಘಾಟು | ಸೋಮವಾರ, ಮಧ್ಯಾಹ್ನ 1:20

ರಾಣೇಬೆನ್ನೂರು ಕಡೆಯವ ನಾನು. ನಮ್ಮಲ್ಲಿ ಬೀಜದ ಹೊಲಾ ಜಾಸ್ತಿ. ಟೊಮೆಟೊ, ಮೆಣಸಿನಕಾಯಿ, ಬೆಂಡಿ, ಹತ್ತಿ, ಎಲ್ಲಾ ಹೈಬ್ರಿಡ್ ಬೀಜ. ಕ್ರಾಸಿಂಗ್ ಮಾಡೂ ಹೆಣ್ಮಕ್ಕಳಿಲ್ಲಂದ್ರ ಕಂಪನಿನೂ ಇಲ್ಲ, ರೈತನೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹತ್ತಿದ ತಗೊಳ್ರಿ. ಸಂಜಿಮುಂದ ನಾಳಿ ಅರಳೂ ಮೊಗ್ಗು ಹುಡುಕಿ, ಅದರಾಗಿನ ಗಂಡು ಕೇಸರಾ ಉಗರಿಲೆ ತಗದು ಗುರುತಿಗೆ ಒಂದು ಕಾಗದ ಹಚ್ಚತಾರ. ಮರುದಿನ ಮುಂಜಾನಿ ಗಂಡು ಸಾಲಿನ ಹೂವು ತಂದು ಒಂದೊಂದಕ್ಕೂ ಮುಟ್ಟಸಬೇಕು. ಬಿಸಲು ಏರಿದ್ರ ಪರಾಗ ಸತ್ತಂಗ. ಅಂದ್ರ ಇವತ್ತಿನ ಮೊಗ್ಗಿಗೆ ನಾಳಿ ಮುಂಜಾನಿ ಒಂದ ಗಳಿಗಿ. ತಪ್ಪಿದ್ರ ಆ ಹೂವು ಹೋತು. ಇದು ಎರಡು-ಮೂರು ತಿಂಗಳಾ ದಿನಾ ನಡೀತೈತಿ. ದವಾಖಾನಿ ಓಪಿಡಿನೂ ಮುಂಜಾನೀನ. ನೀವ ಹೇಳ್ರಿ, ಹೊಲದ ಮಾಲಕ "ಹೋಗಿ ಬಾರವ್ವಾ" ಅಂತ ಬಿಡತಾನೇನು? ಮುಂಗಡ ಇಸ್ಕೊಂಡಿದ್ರಂತೂ ಮಾತೇ ಇಲ್ಲ.

ನಮ್ಮ ಅಕ್ಕಂದು ಲೆಕ್ಕಾ ಹೇಳ್ತೀನಿ, ನಮ್ಮ ಮನಿದು. ಆಕಿ ಕೂಲಿ 300 ಹೋತು. ಒಬ್ಬಾಕೀನ ಕಳಸಂಗಿಲ್ಲ, ಮಾಮಾಂದು 500 ಹೋತು. ಟಂಟಂಗೆ ಇಬ್ರದು ಹೋಗಿ ಬರಾಕ 120. ಸ್ಕ್ಯಾನಿಂಗ್ ಸರಕಾರಿ ದವಾಖಾನ್ಯಾಗ ಮುಂದಿನ ವಾರ ಅಂದ್ರು, ಮತ್ತ ಇನ್ನೊಂದು ದಿನಾ ಕಳಕೊಳ್ಳೂದಕ್ಕಿಂತ ಪ್ರೈವೇಟಿನ್ಯಾಗ 900 ಕೊಟ್ರು. ಉಚಿತ ತಪಾಸಣಿಗೆ 1,820 ರೂಪಾಯಿ. ಅದಕ್ಕ ಸಿಕ್ಕದ್ದೇನು? "ಎಲ್ಲಾ ನಾರ್ಮಲ್ ಐತಿ" ಅನ್ನೂ ಮಾತು. ನಾರ್ಮಲ್ ಅಂದಮ್ಯಾಲೆ ಮುಂದಿನ ಸಲ ಹೋಗಾಕ ಮಾವ ತಯಾರಿಲ್ಲ. ಬ್ಯಾನಿ ಬಂದಾಗ ಮಾತ್ರ ಯಾರೂ ಲೆಕ್ಕಾ ಹಾಕಂಗಿಲ್ಲ, ಸಾಲಾ ಮಾಡಿ ಕಾರ್ ಮಾಡ್ಕೊಂಡು ಹುಬ್ಬಳ್ಳಿ ಕಿಮ್ಸ್‌ಗೆ ಓಡತಾರ. ಎರಿಮಣ್ಣು ಅಕ್ಕಾರ ಪ್ರಶ್ನೆಗೆ ಉತ್ತರಾ ಇದ ಅಂತೀನಿ ನಾನು.


ಧಾರವಾಡ ಟು ಬೆಂಗಳೂರು | ಸೋಮವಾರ, ಮಧ್ಯಾಹ್ನ 2:02

1,820ರ ಲೆಕ್ಕ ಒಪ್ಪಿದೆ. ಆದರೂ 5,000 ಬರುತ್ತದಲ್ಲ, ಅದು ಇದಕ್ಕೇ ತಾನೇ?


ಗುಲಾಬಿ ಸೀರಿ | ಸೋಮವಾರ, ರಾತ್ರಿ 9:10

ಬರತೈತಿ. ಹೆಸರು ಹಚ್ಚಿ ಒಂದು ತಪಾಸಣಿ ಆದಮ್ಯಾಲೆ 3,000, ಹಡದು ಕೂಸಿನ ಲಸಿಕಿ ಆದಮ್ಯಾಲೆ 2,000. ಆಧಾರಕ್ಕ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು. ನಮ್ಮ ಹುಡಗ್ಯಾರ ಆಧಾರ್ ಕಾರ್ಡ್ ತವರು ಮನಿ ವಿಳಾಸದ್ದು, ಅಪ್ಪನ ಹೆಸರಿಂದು. ತಿದ್ದಿಸಾಕ ತಾಲೂಕಿಗೆ ಎರಡು ಸಲ. ರೊಕ್ಕ ಬರೂದು ಬಂದಾಗ. ಬರೂದ್ರೊಳಗ ಕೂಸು ಅಂಬೆಗಾಲು ಇಡತಿರತೈತಿ. ಹಂಗಾಗಿ ಟಂಟಂ ಖರ್ಚಿಗೆ ಆಗಂಗಿಲ್ಲ ಅದು, ಕೂಸಿನ ಗೆಜ್ಜಿಗೆ ಆಕ್ಕೈತಿ.


ತಾಂಡಾದಾಂವ | ಸೋಮವಾರ, ರಾತ್ರಿ 11:30

ನಮ್ಮ ತಾಂಡಾದ ಅರ್ಧ ಮನಿ ಬೀಗ ಹಾಕಿರತಾವು. ಎಲ್ಲಾರೂ ಗೋವಾದಾಗ. ಬಿಲ್ಡಿಂಗ್ ಕೆಲಸ, ರೋಡಿನ ಕೆಲಸ. ದೀಪಾವಳಿಗೊಮ್ಮೆ, ಹೋಳಿಗೊಮ್ಮೆ ಬರ್ತೀವಿ. ನನ್ನ ಹೆಂಡ್ತಿ ದೀಪಾವಳಿಗೆ ಬಂದಾಗ ತಾಯಿ ಕಾರ್ಡ್ ಮಾಡಿಸಿದ್ವಿ. ಹೊಳ್ಳಿ ಗೋವಾಕ್ಕ ಹೋದ್ವಿ. ಅಲ್ಲಿ ದವಾಖಾನ್ಯಾಗ ಕಾರ್ಡ್ ತೋರಿಸಿದ್ರ ಅದು ಪೂರ್ತಿ ಕನ್ನಡ, ಅವರಿಗೆ ಓದಾಕ ಬರಂಗಿಲ್ಲ. ಹೊಸಾದು ಮಾಡಿಸ್ರಿ ಅಂದ್ರು, ಅದಕ್ಕ ಅಲ್ಲಿನ ವಿಳಾಸ ಕೇಳಿದ್ರು. ನಮ್ಮ ವಿಳಾಸ ಅಂದ್ರ ಕಟ್ಟಾಕತ್ತಿದ ಬಿಲ್ಡಿಂಗಿನ ತಗಡಿನ ಶೆಡ್ಡು. ಮುಂದಿನ ತಿಂಗಳಾ ಅಲ್ಲಿರಂಗಿಲ್ಲ. ಧನುರ್ವಾಯುದ ಎರಡು ಇಂಜೆಕ್ಷನ್ ಪೈಕಿ ಒಂದು ಇಲ್ಲಿ ಆತು, ಒಂದು ಆಗಲೇ ಇಲ್ಲ.

ಹೋಳಿಗೆ ಬಂದಾಗ ನಮ್ಮ ಆಶಾ ಅಕ್ಕ ಬೈದ್ಲು, "ಎಲ್ಲಿ ಹೋಗಿದ್ದಿ ನಾಕು ತಿಂಗಳಾ?" ಅಂತ. ಕೆಲಸಕ್ಕ ಹೋಗಿದ್ವಿ ಅಕ್ಕಾ, ಅಷ್ಟ. ಬರೇ ಹೆಣ್ಮಕ್ಕಳು ತಾಂಡಾದಾಗ ಉಳೀರಿ ಅಂತಾರ ಕೆಲವರು. ಶೆಡ್ಡಿನ್ಯಾಗ ರೊಟ್ಟಿ ಬಡಿಯಾವರು ಯಾರು?


ಸ್ಟೆತ್ ಮತ್ತು ಚಹಾ | ಮಂಗಳವಾರ, ಬೆಳಿಗ್ಗೆ 7:30

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯ. ಯಾವುದು ಎಂದು ಕೇಳಬೇಡಿ. ಎರಿಮಣ್ಣು ಅವರ ಮೊದಲ ಬರಹ ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆ 110/70 ನನಗೂ ಗೊತ್ತು. ಸಹಿ ಹಾಕುವಾಗ ಕಂಡಿದ್ದೇನೆ.

ಸಮರ್ಥನೆ ಅಲ್ಲ, ಅದು ಹೇಗೆ ಹುಟ್ಟುತ್ತದೆಂದು ಹೇಳುತ್ತೇನೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿಯಿದ್ದರೆ ಅದರ ಪ್ರಭಾರವೂ ಅದೇ ಸಿಸ್ಟರ್ ತಲೆಗೆ. ಬಿ.ಪಿ. ಯಂತ್ರ ಕೆಟ್ಟಿರುತ್ತದೆ, ಬ್ಯಾಟರಿ ಮುಗಿದಿರುತ್ತದೆ. ಮೊಬೈಲಿನಲ್ಲಿ ಆ ಖಾನೆ ತುಂಬದೆ ಮುಂದಕ್ಕೆ ಹೋಗುವುದಿಲ್ಲ. ಸಂಜೆಯೊಳಗೆ ಅಪ್‌ಲೋಡ್ ಆಗದಿದ್ದರೆ ಮೇಲಿನಿಂದ ಫೋನು. ಖಾಲಿ ಬಿಟ್ಟವಳಿಗೆ ಬೈಗುಳ, ಸುಳ್ಳು ತುಂಬಿದವಳಿಗೆ ಶಹಬ್ಬಾಸ್. ಹಾಗೆ ಶುರುವಾದದ್ದು ಅಭ್ಯಾಸವಾಗುತ್ತದೆ.

ಅದರ ಬೆಲೆ ಏನೆಂದು ಕೇಳಿ. ಬಸುರಿಯಲ್ಲಿ ಏರುವ ರಕ್ತದೊತ್ತಡಕ್ಕೆ ಬಹಳ ಸಲ ನೋವಿಲ್ಲ, ಜ್ವರವಿಲ್ಲ. 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಬರುತ್ತಿದ್ದರೂ ಹೆಂಗಸು ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಮೊದಲ ಲಕ್ಷಣವೇ ಫಿಟ್ಸ್ ಆಗಿಬಿಡಬಹುದು. ಹಿಮೋಗ್ಲೋಬಿನ್ ಕತೆಯೂ ಹಾಗೇ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅತಿಸ್ರಾವ ಎನ್ನುತ್ತೇವೆ. 11 ಇದ್ದವಳು ಅಷ್ಟನ್ನು ತಡೆದುಕೊಂಡಾಳು. 6 ಇದ್ದವಳ ಬಳಿ ಕಳೆದುಕೊಳ್ಳಲು ರಕ್ತವೇ ಇಲ್ಲ. ಆಗ ಊರೆಲ್ಲ "ದವಾಖಾನೆಯವರು ಕೊಂದರು" ಎನ್ನುತ್ತದೆ. ಅದು ಆರು ತಿಂಗಳ ಹಿಂದೆ ಖಾಲಿ ಬಿಡಬೇಕಾಗಿದ್ದ ಒಂದು ಖಾನೆಯಿಂದ ಶುರುವಾಗಿರುತ್ತದೆ.

1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬಿಬ್ಬರು ಸಂಶೋಧಕರು ಮೂರು ವಿಳಂಬಗಳ ಬಗ್ಗೆ ಬರೆದರು: ಹೋಗಬೇಕೆಂದು ನಿರ್ಧರಿಸುವುದರಲ್ಲಿ, ತಲುಪುವುದರಲ್ಲಿ, ತಲುಪಿದ ಮೇಲೆ ಆರೈಕೆ ಸಿಗುವುದರಲ್ಲಿ. ಅದು ಹೆರಿಗೆಯ ತುರ್ತಿನ ಬಗ್ಗೆ. ಆದರೆ ನಮ್ಮ ಸಭೆಗಳಲ್ಲಿ ಇಂದಿಗೂ ಮೊದಲನೆಯದರ ಬಗ್ಗೆ ಮಾತ್ರ ಮಾತು, ಏಕೆಂದರೆ ಅದನ್ನು ಜನರ ಮೇಲೆ ಹೊರಿಸಬಹುದು.


ಹೆಸರು ಬ್ಯಾಡ | ಮಂಗಳವಾರ, ಮಧ್ಯಾಹ್ನ 3:15

ಡಾಕ್ಟ್ರ, ಆ ಮೂರನೇದ್ದು ನಾ ಹೇಳ್ತೀನಿ. ಹಾವೇರಿ ಜಿಲ್ಲಾದಾಕಿ. ಎರಡು ಹೆಣ್ಣು ಅದಾವ ನನಗ. ಮೂರನೇ ಸಲ ನಿಂತಾಗ ಎರಡೂವರಿ ತಿಂಗಳಿಗೆ ನಾನ ನಡಕೋತ ಹೋಗಿದ್ದೆ, ಯಾರೂ ಹೇಳಬೇಕಾಗಿರಲಿಲ್ಲ. ಚೀಟಿ ಬರಿಯಾಕಿ ಕೇಳಿದ್ಲು, "ಎಷ್ಟನೇದ್ದು?" ಮೂರನೇದ್ದು ಅಂದೆ. "ಆಪರೇಶನ್ ಯಾಕ ಮಾಡಿಸ್ಕೊಂಡಿಲ್ಲ? ಗಂಡಿಗೆ ಕಾಯಾಕತ್ತೀರೇನು?" ಅಂತ ಎಲ್ಲಾರಿಗೂ ಕೇಳೂವಂಗ ಅಂದ್ಲು. ಸರತ್ಯಾಗ ನಮ್ಮ ಊರಾವರ ನಾಕು ಮಂದಿ ಇದ್ರು. ನಗಲಿಲ್ಲ ಖರೇ, ಆದ್ರ ಕೇಳಿದ್ರು.

ಆಮ್ಯಾಲೆ ಒಂದು ಸಣ್ಣ ಡಬ್ಬಿ ಕೊಟ್ಟು ಮೂತ್ರ ಹಿಡಕೊಂಡು ಬಾ ಅಂದ್ರು. ಸಂಡಾಸಕ್ಕ ಬೀಗ. ಕೀಲಿ ಕಾವಲುಗಾರನ ಹತ್ರ, ಅಂವ ಚಹಾ ಕುಡ್ಯಾಕ ಹೋಗ್ಯಾನ. ಡಬ್ಬಿ ಸೆರಗಿನ್ಯಾಗ ಹಿಡಕೊಂಡು ಒಂದು ತಾಸು ಗೋಡಿಗೆ ನಿಂತಿದ್ದೆ. ಬಾಗಲಾ ತಗದ್ರ ಒಳಗ ನೀರಿಲ್ಲ.

ಮತ್ತ ನಾ ಹೋದದ್ದು ಎಂಟನೇ ತಿಂಗಳಿಗೆ. ಕಾರ್ಡಿನ್ಯಾಗ ಎಷ್ಟು ತಪಾಸಣಿ ಬರದಾರೋ, ನೋಡಿಲ್ಲ.


ಧಾರವಾಡ ಟು ಬೆಂಗಳೂರು | ಮಂಗಳವಾರ, ಸಂಜೆ 6:48

ಇದನ್ನು ಓದಿದ ಮೇಲೆ ಪಲ್ಲಕ್ಕಿ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಹೆಂಡತಿಗೆ ಇಲ್ಲಿ ಪ್ರೈವೇಟ್ ಆಸ್ಪತ್ರೆಯಲ್ಲಿ ಹನ್ನೊಂದು ಸಲ ತೋರಿಸಿದ್ದೆವು. ಒಂದು ಸಲವೂ ಇದು ಎಷ್ಟನೆಯದು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಒಂದೇ ಪ್ರಶ್ನೆ: ಅತ್ತೆ, ಗಂಡ ಇವರಿಬ್ಬರಲ್ಲಿ ಯಾರಿಗೆ ಹೇಳಿದರೆ ಕೆಲಸ ಆಗುತ್ತದೆ?


ಟಂಟಂ ಸಾಹುಕಾರ | ಮಂಗಳವಾರ, ರಾತ್ರಿ 8:20

ಗಂಡನ ಸುದ್ದಿ ನಾ ಹೇಳ್ತೀನಿ. ಗಂಡಾ ದವಾಖಾನಿ ಹೊರಗ ಬೇವಿನ ಗಿಡದ ಬುಡಕ ಕುಂತಿರತಾನ. ಒಳಗ "ಗಂಡಸರು ಹೊರಗ ನಿಂದ್ರಿ" ಅಂತಾರ. ಆಕಿ ಬಂದು "ಏನಂದ್ರು?" ಅಂದ್ರ "ಗುಳಗಿ ಕೊಟ್ರು" ಅಂತಾಳ. ಅಷ್ಟ ಅವನಿಗೆ ಗೊತ್ತಾಗೂದು. ನನ್ನ ಹೆಂಡ್ತಿ ಬಸರಿದ್ದಾಗ ನನ್ನೂ ಹಂಗ ಹೊರಗ ಹಾಕಿದ್ರು. ಒಳಗ ಕರದು ಕೂಸಿನ ಎದಿಬಡಿತ ಕೇಳಿಸಿದ್ರ ನಾ ದಿನಾ ಗುಳಗಿ ಕೇಳ್ತಿದ್ದೆ.


ಗುಲಾಬಿ ಸೀರಿ | ಬುಧವಾರ, ಮುಂಜಾನೆ 5:35

ಯಾರೂ ಬರಿಯದ ಒಂದು ಮಾತೈತಿ. ಬರೀಬೇಕೋ ಬ್ಯಾಡೋ ಅಂತ ಎರಡು ದಿನಾ ಯೋಚನಿ ಮಾಡಿದೆ.

ಹದಿನಾರು, ಹದಿನೇಳಕ್ಕ ಮದವಿ ಆಗಿ ಬಸರಾದ ಹುಡಗ್ಯಾರು. ನಮ್ಮ ಜಿಲ್ಲಾದಾಗ ಇಲ್ಲ ಅಂತ ಯಾರರ ಅಂದ್ರ ನನ್ನ ಜೋಡಿ ಬರ್ರಿ. ಅವರ ಹೆಸರು ಹಚ್ಚಿದ್ರ ವಯಸ್ಸು ಬರೀಬೇಕು. 18ರ ಕೆಳಗ ಅಂದ್ರ ಬಾಲ್ಯವಿವಾಹ ಕಾಯ್ದಿ, ಅದರ ಮ್ಯಾಲೆ ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೂ ಪೋಕ್ಸೊ ಕಾಯ್ದಿ. ಗಂಡನ್ನ ಪೊಲೀಸರು ಒಯ್ತಾರ, ಅಪ್ಪ-ಅವ್ವನ ಮ್ಯಾಲೆ ಕೇಸು. ಕಾಯ್ದಿ ತಪ್ಪಂತ ನಾ ಅನ್ನಂಗಿಲ್ಲ, ಹದಿನಾರರ ಹುಡಗಿ ಹಡಿಯೂದು ನೋಡೀನಿ, ಆ ಒದರಾಟ ಈಗೂ ಕಿವ್ಯಾಗೈತಿ. ಆದ್ರ ಅಂಜಿಕಿಗೆ ಏನಾಗೈತಿ ಅಂದ್ರ, ಮನ್ಯಾವರು ಹುಡಗೀನ್ನ ಯಾವದೋ ಸಂಬಂಧಿಕರ ಊರಿಗೆ ಕಳಸತಾರ. ಇಲ್ಲಾ 19 ಅಂತ ಹೇಳ್ತಾರ. ತಪಾಸಣಿ ಎಲ್ಲಾರಿಗಿಂತ ಜಾಸ್ತಿ ಬೇಕಾಗಿದ್ದು ಆಕಿಗೆ, ಎಲ್ಲಾರಿಗಿಂತ ಕಡಿಮಿ ಆಗೂದೂ ಆಕಿಗೆ.

ಒಂದು ಹುಡಗಿ ಅವ್ವ ನನ್ನ ಕೈ ಹಿಡದು, "ಬರದುಕೊಬ್ಯಾಡವಾ, ಬರೇ ಬಿ.ಪಿ. ನೋಡು" ಅಂದ್ಲು. ಬರಿಲಾರದ ನೋಡಿದ್ರ ನನ್ನ ತಪ್ಪು. ಬರದ್ರ ಮರುದಿನ ಆ ಹುಡಗಿ ಊರಾಗಿರಂಗಿಲ್ಲ. ನಾ ಏನು ಮಾಡಿದೆ ಅಂತ ಇಲ್ಲಿ ಹೇಳಂಗಿಲ್ಲ.

2025ರ ಜನವರ್‍ಯಾಗ ನಾವು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನ್ಯಾಗ ಹೋರಾಟಕ್ಕ ಕುಂತು ಚಳ್ಯಾಗ ಮಲಕೊಂಡಾಗ ಎಲ್ಲಾರೂ ಪಗಾರದ ಸುದ್ದಿ ಅಷ್ಟ ಕೇಳಿದ್ರು. ಪಗಾರ ಬೇಕು, ಸುಳ್ಳಲ್ಲ. ಇಂಥಾ ಗಂಟು ಹೊತ್ಕೊಂಡು ತಿರಗೂದಕ್ಕೂ ಯಾರರ ಒಬ್ರು ಹೆಗಲು ಕೊಡಬೇಕಿತ್ತು.


ಸ್ಟೆತ್ ಮತ್ತು ಚಹಾ | ಬುಧವಾರ, ಬೆಳಿಗ್ಗೆ 7:10

ಗುಲಾಬಿ ಸೀರಿಯವರೇ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಾನೂನಿನ ಪ್ರಕಾರ ನಾನೂ ತಿಳಿಸಲೇಬೇಕು.

ಬೇರೆ ಒಂದು ವಿಷಯ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ಅಂದು ವೈದ್ಯರು ನೋಡುತ್ತಾರೆ, ಅಪಾಯವಿದ್ದವರ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಇಲ್ಲದವರಿಗೆ ಹಸಿರು. ಒಳ್ಳೆಯ ಕ್ರಮವೇ. ಆದರೆ ಇಡೀ ತಿಂಗಳ ಬಸುರಿಯರು ಒಂದೇ ಮುಂಜಾನೆ ಬರುತ್ತಾರೆ, ನನ್ನಲ್ಲಿ ಇರುವ ಬೆಂಚು ಎರಡು. ಎಂಟನೇ ತಿಂಗಳವಳು ನೆಲದ ಮೇಲೆ ಕೂತಿರುತ್ತಾಳೆ. ಕಳೆದ ತಿಂಗಳಿಂದ ಊರುವಾರು ಹೊತ್ತು ಹಂಚಿದ್ದೇವೆ, ದೂರದವರಿಗೆ ಮೊದಲು. ಅಷ್ಟಕ್ಕೇ ಬೇಗ ಮನೆಗೆ ಹೋಗಿ ಅರ್ಧ ದಿನದ ಕೂಲಿ ಉಳಿಸಿಕೊಂಡವರು ಇದ್ದಾರೆ. ಸಂಡಾಸದ ಕೀಲಿಯನ್ನು ಸಿಸ್ಟರ್ ಮೇಜಿನ ಮೊಳೆಗೆ ನೇತುಹಾಕಿಸಿದೆ, ನಿನ್ನೆಯ ಬರಹ ಓದಿದ ಮೇಲೆ. ನಮ್ಮಲ್ಲಿ ಬೀಗವಿಲ್ಲ ಎಂದು ನಾನು ಅಂದುಕೊಂಡಿದ್ದೆ. ಇತ್ತು.


ಮೆಣಸಿನಕಾಯಿ ಘಾಟು | ಬುಧವಾರ, ಮಧ್ಯಾಹ್ನ 1:45

ಡಾಕ್ಟ್ರ, ಹೊತ್ತು ಹಂಚೂದಾದ್ರ ಸಂಜಿಮುಂದ ಐದರಿಂದ ಏಳು ಒಂದಿನಾ ಇಡ್ರಿ. ಕ್ರಾಸಿಂಗಿನಾವರಿಗೆ ಆಗಂಗಿಲ್ಲ, ಅವರಿಗೆ ಸಂಜಿನೂ ಕೆಲಸಾನ. ಆದ್ರ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸೂ ಹೆಣ್ಮಕ್ಕಳು ಬರ್ತಾರ. ಕಿಲೋ ಲೆಕ್ಕದ ಕೂಲಿ ಅವರದು, ಹಗಲು ಎದ್ದು ಬಂದ್ರ ಅಷ್ಟೂ ಹೋದಂಗ.


ಧಾರವಾಡ ಟು ಬೆಂಗಳೂರು | ಬುಧವಾರ, ರಾತ್ರಿ 10:05

ಎರಿಮಣ್ಣು ಅವರೇ, ಹುಡುಗಿ ಹೇಗಿದ್ದಾಳೆ?


ಎರಿಮಣ್ಣು | ಐದು ವಾರದ ಮ್ಯಾಲೆ, ಮಂಗಳವಾರ, ರಾತ್ರಿ 9:25

ತಡಾ ಆತು, ಕ್ಷಮಿಸ್ರಿ. ಆವತ್ತಿನಿಂದ ಇಲ್ಲೀತನ ನಡದದ್ದು ಹೇಳ್ತೀನಿ.

ಆಕೀನ್ನ ದಾಖಲ್ ಮಾಡಿ ಒಂದಿನಾ ಬಿಟ್ಟು ಒಂದಿನಾ ಐರನ್ ಸುಕ್ರೋಸ್ ಅನ್ನೂ ಕಬ್ಬಿಣದ ಔಷಧಿ ನರಕ್ಕ ಏರಿಸಿದ್ರು, ಐದು ಸಲ. ತವರಿಗೆ ಕಳಸೂದು ಮುಂದಕ್ಕ ಹಾಕಿದ್ವಿ. ಬೀಗರು ಮಾರಿ ಉಬ್ಬಿಸಿದ್ರು, ಮದಲನೇ ಹೆರಿಗಿ ತವರಾಗ ಆಗಬೇಕಂತ. ಕಡಿಗೆ ಗುಲಾಬಿ ಸೀರಿ ಅಕ್ಕಾರು ಬರದಂಗ ಎರಡೂ ಊರ ಆಶಾನ್ನ ಫೋನಿನ್ಯಾಗ ಮಾತಾಡಿಸಿ, ದಿನಾ ಹತ್ರ ಬಂದಮ್ಯಾಲೆ ಕಳಸೂದಂತ ಆತು. ಹೋದ ವಾರದ ರಿಪೋರ್ಟಿನ್ಯಾಗ ಹಿಮೋಗ್ಲೋಬಿನ್ 9.3.

ನನ್ನ ಪ್ರಶ್ನೆಗೆ ಉತ್ತರಾ ಸಿಕ್ತಂತ ಅನಸತೈತಿ, ಆದ್ರ ಅದು ಅರ್ಧ ನಮ್ಮ ಮನ್ಯಾಗ ಇತ್ತು. ನಾ ಕಾರ್ಡಿನ 110/70 ನೋಡಿ ಸಿಟ್ಟಾಗಿದ್ದೆ. ಆದ್ರ ಮೂರು ಸಲ ಆಕೀನ್ನ ಕಳಿಸಿದಾಗ ಜೋಡಿ ಯಾರು ಹೋಗಿದ್ರು ಅಂತ ಕೇಳಿದ್ರ, ಯಾರೂ ಇಲ್ಲ. ತಮ್ಮ ಕಡ್ಲಿ ರಾಶ್ಯಾಗ. ಅವ್ವ ಮನ್ಯಾಗ. ನಾ ಹುಬ್ಬಳ್ಯಾಗ ಕುಂತು ಫೋನಿನ್ಯಾಗ "ಆರಾಮದೀ?" ಅಂದಾಕಿ. ಜೋಡಿ ಒಬ್ರು ನಿಂತಿದ್ರ ಪಟ್ಟಿ ಕಟ್ಟಲಾರದ ಬರಿಯಾಕ ಆ ಸಿಸ್ಟರಿಗೂ ಕೈ ಬರತಿರಲಿಲ್ಲ.

ನಿನ್ನಿ 9ನೇ ತಾರೀಖಿತ್ತು. ಈ ಸಲ ನಮ್ಮವ್ವನ್ನ ಜೋಡಿ ಕಳಿಸಿದ್ವಿ. "ನಾ ಯಾಕ, ನಾ ಏನು ಬಸರಿ ಏನು?" ಅಂದ್ಲು. ಹೋದ್ಲು. ಸೊಸಿಗೆ ಬಿ.ಪಿ. ನೋಡಿದ್ರು, 118/76. ಖರೇನ ಪಟ್ಟಿ ಕಟ್ಟಿ. ಸಾಲು ಮುಗಿದ ಮ್ಯಾಲೆ ಸಿಸ್ಟರ್ ನಗಕೋತ, "ಕೈ ಕೊಡ್ರಿ ಅಮ್ಮಾರ, ನಿಮ್ಮದೂ ನೋಡಿ ಬಿಡೂಣು" ಅಂದ್ಲಂತ. 164/98. ಹೊಳ್ಳಿ ಕುಂದ್ರಿಸಿ ಅರ್ಧ ತಾಸಿಗೆ ಮತ್ತ ನೋಡಿದ್ರ ಅಷ್ಟ. ಡಾಕ್ಟ್ರು ಉಪ್ಪಿನಕಾಯಿ ಬಿಡಿಸ್ಯಾರ, ಮೂರು ದಿನಾ ಬಿಟ್ಟು ಮತ್ತ ಬಾ ಅಂದಾರ.

ಇವತ್ತು ಮುಂಜಾನಿ ಫೋನ್ ಮಾಡಿದ್ದೆ. ಅವ್ವ ಎತ್ತಲಿಲ್ಲ, ಸೊಸಿ ಎತ್ತಿದ್ಲು. ದನಿ ತಗ್ಗಿಸಿ ಅಂದ್ಲು: "ಅಕ್ಕಾರ, ಅತ್ತಿ ಉಪ್ಪಿನಕಾಯಿ ಭರಣಿ ಜ್ವಾಳದ ಚೀಲದ ಹಿಂದ ಇಟ್ಕೊಂಡಾರ."


ಗುಲಾಬಿ ಸೀರಿ | ಮಂಗಳವಾರ, ರಾತ್ರಿ 9:31

ಆ ಚೀಲದ ಹಿಂದ ಗುಳಗಿ ಪಟ್ಟಿನೂ ಅದಾವೇನು ನೋಡಾಕ ಹೇಳ್ರಿ.